ವಿಧೇಯತೆಯೂ ಉಲ್ಲಾಸವೂ

ಒಂದು ಜೀವಿಗೆ ಶಿಸ್ತನ್ನು ಕಲಿಸುವ ಭರದಲ್ಲಿ ಅದರ ಸಹಜವಾದ ಉತ್ಸಾಹವೇ ಕುಂದಿಹೋದರೆ, ಆ ಕಲಿಕೆಯನ್ನು ಲಾಭವೆನ್ನಬೇಕೋ ನಷ್ಟವೆನ್ನಬೇಕೋ? ಈ ಪ್ರಶ್ನೆ ಮೇಲುನೋಟಕ್ಕೆ ಚಿಕ್ಕದೆಂದು ತೋರಬಹುದು. ಆದರೆ ಕಲಿಸುವ ಅಧಿಕಾರವನ್ನು ಕೈಯಲ್ಲಿ ಹಿಡಿದವರೆಲ್ಲರೂ, ಅವರು ತಾಯಿತಂದೆಗಳಾಗಲಿ, ಶಿಕ್ಷಕರಾಗಲಿ, ಒಕ್ಕಲಿಗರಾಗಲಿ, ಒಂದು ದಿನ ಉತ್ತರಿಸಲೇಬೇಕಾದ ಪ್ರಶ್ನೆಯಿದು. ನನ್ನನ್ನು ಈ ಪ್ರಶ್ನೆ ಕೇಳಿದ್ದು ಯಾವ ಗ್ರಂಥವೂ ಅಲ್ಲ. ಅಣ್ಣಿಗೇರಿಯ ನಮ್ಮ ಮನೆಯಲ್ಲಿ ಬೆಳೆಯುತ್ತಿದ್ದ ಒಂದು ಎಳೆಯ ನಾಯಿ.

ಅದು ಲ್ಯಾಬ್ರಡಾರ್ ರಿಟ್ರೀವರ್ ತಳಿಯದು. ರಿಟ್ರೀವರ್ ಎಂದರೆ ಹುಡುಕಿ ತಂದುಕೊಡುವ ನಾಯಿ. ಬೇಟೆಗಾರನ ಗುಂಡಿಗೆ ಬಿದ್ದ ಹಕ್ಕಿಯನ್ನು ಪೊದೆಯಿಂದಲೋ ನೀರಿನಿಂದಲೋ ಹುಡುಕಿ, ಹಲ್ಲು ನಾಟದಂತೆ ಮೆಲ್ಲಗೆ ಬಾಯಲ್ಲಿ ಹಿಡಿದು ತಂದು ಒಪ್ಪಿಸುವುದಕ್ಕಾಗಿ ಬ್ರಿಟನ್ನಿನಲ್ಲಿ ಬೆಳೆಸಿದ ಈ ತಳಿಗೆ ಅಲ್ಲಿನ ಕೆನೆಲ್ ಕ್ಲಬ್ಬು 1903ರಲ್ಲಿ ಮನ್ನಣೆಯಿತ್ತಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ನಮ್ಮ ದೇಶದಲ್ಲಿ ಬೇಟೆಯ ವಿನೋದಕ್ಕೆ ಎಡೆಯಿಲ್ಲ. ಆದರೂ ಹುಡುಕಬೇಕು, ತಂದು ಕೊಡಬೇಕು ಎಂಬ ಅದರ ಹುಟ್ಟುಗುಣವೇ ಇಂದು ಪೊಲೀಸು ಮತ್ತು ಸೇನಾದಳಗಳಲ್ಲಿ ಸ್ಫೋಟಕಗಳನ್ನು ಪತ್ತೆ ಹಚ್ಚುವುದಕ್ಕೆ ನೆರವಾಗುತ್ತಿದೆ. ಕಡಲೆ ಕಿತ್ತು ಬರಿದಾಗಿದ್ದ ಯರಿ ಹೊಲದಲ್ಲಿ ಬಟ್ಟೆಯ ಉಂಡೆಯೊಂದನ್ನು ಎಸೆದರೆ ನಮ್ಮ ಮರಿ ಬಾಣದಂತೆ ಓಡುತ್ತಿತ್ತು; ಬಾಲವನ್ನೆತ್ತಿ, ಓಟ ತಗ್ಗಿಸದೆ ಅದನ್ನೆತ್ತಿಕೊಂಡು, ಅಷ್ಟೇ ವೇಗದಿಂದ ಮರಳುತ್ತಿತ್ತು. ಬಲ್ಲವರು ಇದನ್ನು ನಡೆಯ ಸೊಗಸು ಎನ್ನುತ್ತಾರೆ. ಅದನ್ನು ಯಾರೂ ಅದಕ್ಕೆ ಕಲಿಸಿರಲಿಲ್ಲ.

ಕಲಿಸಹೊರಟವನು ನಾನು. ಮನೆಗೆ ಬಂದವರ ಮುಂದೆಲ್ಲ ಅದರ ಚಾತುರ್ಯವನ್ನು ಮೆರೆಸಬೇಕೆಂಬ ಹಂಬಲ ನನಗೆ. ದಿನಕ್ಕೆ ಇಪ್ಪತ್ತು ಸಲ ಎಸೆದೆ. ಅಪ್ಪಣೆಗೆ ಮುನ್ನ ಓಡಿದರೆ ಗದರಿದೆ; ತಂದದ್ದನ್ನು ಕಾಲ ಬಳಿ ಬೀಳಿಸಿದರೆ ಕೊರಳಪಟ್ಟಿ ಹಿಡಿದು ಜಗ್ಗಿದೆ. ಒಂದು ತಿಂಗಳೊಳಗೆ ಅದು ತಪ್ಪು ಮಾಡುವುದನ್ನು ಬಿಟ್ಟಿತು. ಹೇಳಿದಲ್ಲಿ ಕುಳಿತಿತು, ಹೇಳಿದಾಗ ಹೋಯಿತು, ತಂದು ಕೈಗೇ ಕೊಟ್ಟಿತು. ಆದರೆ ಹೋಗುವುದು ನಡೆದುಕೊಂಡು, ಬಾಲ ಇಳಿಬಿದ್ದಿತ್ತು. ಕೆಲಸದಲ್ಲಿ ಕೊರತೆಯೇನೂ ಇರಲಿಲ್ಲವಾದ್ದರಿಂದ, ನಾಯಿ ಪಳಗಿತೆಂದು ನಾನು ಹೆಮ್ಮೆಪಟ್ಟೆ.

ಪಕ್ಕದ ಹೊಲದ ಹಿರಿಯರೊಬ್ಬರು ಇದನ್ನು ಕೆಲವು ದಿನ ನೋಡಿದರು. ಅವರು ಆಯುಷ್ಯವೆಲ್ಲ ಹೋರಿಗಳನ್ನು ಹೂಡಿ ಪಳಗಿಸಿದವರು. ಎಳೆಯ ಹೋರಿಯನ್ನು ಮೊದಲು ಅನುಭವಿ ಎತ್ತಿನ ಜೊತೆಗೆ ನೊಗಕ್ಕೆ ಕಟ್ಟಿ, ಹಗುರವಾದ ಕಟ್ಟಿಗೆಯನ್ನಷ್ಟೇ ಎಳೆಸಿ, ಬಳಿಕ ಬಂಡಿಗೆ, ಆಮೇಲೆ ರಂಟೆಗೆ ತರುವುದು ಅವರ ಕ್ರಮ. ಅವರು ನನಗೆ ಹೇಳಿದ್ದು ಇಷ್ಟೆ: “ಎಳೀ ಹೋರಿ ದಣಿಯೂಕಿಂತ ಮೊದ್ಲ ನೊಗಾ ಇಳಸಬೇಕ್ರಿ ಮಾಸ್ತರ. ಇನ್ನಷ್ಟು ಎಳೀಬೇಕು ಅಂತ ಅದಕ್ಕ ಅನಸ್ತಿರಬೇಕು, ಅವಾಗ ಬಿಡಬೇಕು. ನಿಮ್ಮ ನಾಯಿ ಕಲತಿಲ್ರಿ, ಸೋತದ.”

ಕಲಿತದ್ದಕ್ಕೂ ಸೋತದ್ದಕ್ಕೂ ಇರುವ ಅಂತರವನ್ನು ನಾನು ನಲವತ್ತು ವರುಷ ಶಾಲೆಯಲ್ಲಿದ್ದೂ ಗುರುತಿಸಿರಲಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ; ಎರಡರಲ್ಲೂ ಮೌನವಿದೆ, ಅಪ್ಪಣೆಯ ಪಾಲನೆಯಿದೆ. 1967ರಲ್ಲಿ ಅಮೆರಿಕದ ಸೆಲಿಗ್‌ಮನ್ ಮತ್ತು ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ನಡೆಸಿದ ಪ್ರಯೋಗವೊಂದು ಇಲ್ಲಿ ನೆನಪಾಗುತ್ತದೆ. ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲದಂತೆ ವಿದ್ಯುದಾಘಾತಕ್ಕೆ ಗುರಿಯಾದ ನಾಯಿಗಳಲ್ಲಿ ಹೆಚ್ಚಿನವು, ಮುಂದೆ ಒಂದು ಗಿಡ್ಡ ತಡೆಯನ್ನು ಜಿಗಿದರೆ ಪಾರಾಗಬಹುದಾಗಿದ್ದಾಗಲೂ ಜಿಗಿಯದೆ ಬಿದ್ದುಕೊಂಡವು. ಪ್ರಯೋಗವು ಕ್ರೂರವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರಿಂದ ತಿಳಿದುಬಂದ ಸಂಗತಿಯನ್ನು ನಾವು ಮರೆಯಲಾಗದು: ಸುಮ್ಮನಿರುವುದೆಲ್ಲವೂ ವಿಧೇಯತೆಯಲ್ಲ. ತನ್ನ ಪ್ರಯತ್ನದಿಂದ ಏನೂ ಆಗದೆಂದು ನಂಬಿದ ಜೀವಿಯೂ ಸುಮ್ಮನಿರುತ್ತದೆ.

ಹಾಗಾದರೆ ಶಿಸ್ತೇ ಬೇಡವೆ? ಈ ಆಕ್ಷೇಪಣೆ ನ್ಯಾಯವಾದುದು. ಅಪ್ಪಣೆಯಿಲ್ಲದೆ ರಸ್ತೆಗೆ ನುಗ್ಗುವ ನಾಯಿಯ ಉತ್ಸಾಹವು ಅದರ ಪ್ರಾಣಕ್ಕೇ ಮುಳುವಾದೀತು. ಗದಗ-ಹುಬ್ಬಳ್ಳಿ ರಸ್ತೆಯ ಪಕ್ಕದಲ್ಲಿ ವಾಸಿಸುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಾಯಿಯು ಕಾಯುವುದನ್ನು ಕಲಿಯಲೇಬೇಕು. ಆದರೆ ಯಾವಾಗ, ಎಷ್ಟು, ಹೇಗೆ ಎಂಬಲ್ಲಿ ವಿವೇಕವಿದೆ. ಓಡುವ ಹುರುಪು ಬೇರೂರುವ ಮುನ್ನವೇ ತಡೆಯುವುದನ್ನು ಕಲಿಸಿದರೆ, ತಡೆಯುವುದಕ್ಕೆ ಒಳಗೆ ಏನೂ ಉಳಿದಿರುವುದಿಲ್ಲ. ಬಲ್ಲವರು ಎಳೆಯ ಮರಿಗೆ ಮೂರು ನಾಲ್ಕು ಸಲ ಮಾತ್ರ ಎಸೆದು, ಅದು ಇನ್ನೊಮ್ಮೆ ಬೇಡುತ್ತಿರುವಾಗಲೇ ನಿಲ್ಲಿಸುತ್ತಾರೆ. ಡೆನ್ಮಾರ್ಕಿನಲ್ಲಿ 44 ಬೀಗಲ್ ನಾಯಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಸಮರ್ಥಿಸುತ್ತದೆ: ವಾರಕ್ಕೆ ಒಂದೆರಡು ಸಲ ಅಲ್ಪಕಾಲ ಕಲಿಸಿದ ನಾಯಿಗಳು ದಿನವೂ ದೀರ್ಘಕಾಲ ಕಲಿಸಿದವುಗಳಿಗಿಂತ ಕಡಿಮೆ ಪಾಠಗಳಲ್ಲಿ ಕಲಿತವು.

ಇನ್ನೊಂದು ವಿಷಯ. ಎಲ್ಲ ಜೀವಿಗಳ ಉಲ್ಲಾಸವೂ ಒಂದೇ ತೆರನಾದುದಲ್ಲ. ನಮ್ಮ ನಾಡಿನ ಮುಧೋಳ ನಾಯಿಯನ್ನು ನೋಡಿರಿ. ಅದು ಕಣ್ಣಿನಿಂದ ಬೇಟೆಯನ್ನು ಕಂಡು ಬೆನ್ನಟ್ಟುವ ತಳಿ. ಅದಕ್ಕೆ ಓಟವೇ ಆನಂದ. ತಂದುಕೊಡುವುದರಲ್ಲಿ ಅಷ್ಟು ಆಸ್ಥೆಯಿಲ್ಲ. 2005ರಲ್ಲಿ ಅಂಚೆಚೀಟಿಯ ಗೌರವ ಪಡೆದ ಈ ತಳಿಯ ಮರಿಗಳನ್ನು 2016ರಲ್ಲಿ ಭಾರತೀಯ ಸೇನೆಯು ಮೀರತ್ತಿನ ತನ್ನ ಕೇಂದ್ರಕ್ಕೆ ತರಬೇತಿಗಾಗಿ ಒಯ್ದಿತು. ರಿಟ್ರೀವರ್‌ಗೆ ಒಪ್ಪುವ ಪಾಠವನ್ನೇ ಮುಧೋಳಕ್ಕೂ ಒಪ್ಪಿಸಿ, ಬಾರದಿದ್ದರೆ ದಡ್ಡನೆಂದು ಜರಿಯುವುದು ಕಲಿಸುವವನ ದಡ್ಡತನವೇ ಸರಿ. ಒಂದೇ ಕೋಲಿನಿಂದ ತರಗತಿಯ ಮಕ್ಕಳನ್ನೆಲ್ಲ ಅಳೆಯುವ ನಮಗೂ ಈ ಮಾತು ಅನ್ವಯಿಸುತ್ತದೆ.

ಇಲ್ಲಿ ನೀತಿಯ ಪ್ರಶ್ನೆಯಿರುವುದು ಫಲದಲ್ಲಿಯಲ್ಲ. ಹೆದರಿದ ನಾಯಿಯೂ ಉಂಡೆಯನ್ನು ತರುತ್ತದೆ, ನಲಿದ ನಾಯಿಯೂ ತರುತ್ತದೆ. ಫಲವನ್ನಷ್ಟೇ ಎಣಿಸುವವನಿಗೆ ಎರಡೂ ಸಮ. ಆದರೆ ನಮ್ಮ ಅಧೀನದಲ್ಲಿರುವ ಜೀವಿಗೆ ದೂರು ಹೇಳುವ ನಾಲಿಗೆಯಿಲ್ಲ. ಅದರ ನಡೆಯ ಸೊಗಸೇ ಅದರ ಮಾತು. ಆ ಮಾತು ಅಡಗಿದ್ದು ಕಿವಿಗೆ ಬೀಳದಷ್ಟು ನಾವು ಫಲದಲ್ಲಿ ಮುಳುಗಿದರೆ, ಕಲಿಸುವುದಕ್ಕೂ ಕಸಿದುಕೊಳ್ಳುವುದಕ್ಕೂ ಭೇದವುಳಿಯದು. ಇನ್ನೊಮ್ಮೆ ಎಸೆಯಬೇಕೆಂಬ ಚಪಲವನ್ನು ತಡೆಯಬೇಕಾದವನು ನಾಯಿಯಲ್ಲ, ಎಸೆಯುವವನು. ಶಿಸ್ತಿನ ಮೊದಲ ಪಾಠ ಅವನದೇ.

ಹಿರಿಯರ ಮಾತು ಕೇಳಿದ ಮೇಲೆ ಎರಡು ವಾರ ನಾನು ಉಂಡೆಯನ್ನು ಮುಟ್ಟಲಿಲ್ಲ. ಬಳಿಕ ಒಂದು ಸಂಜೆ ಒಮ್ಮೆ ಮಾತ್ರ ಎಸೆದು, ಏನೂ ಹೇಳದೆ ನಿಂತೆ. ಅದು ಮೊದಲು ಉಂಡೆಯ ಕಡೆ ನೋಡಲಿಲ್ಲ. ನನ್ನ ಮುಖವನ್ನು ನೋಡಿತು. ಬಹಳ ಹೊತ್ತಿನ ಮೇಲೆ ಓಡಿತು. ಈಗ ಅದರ ಬಾಲ ಮೇಲೆದ್ದಿದೆ, ಓಟವೂ ಮರಳಿದೆ. ಆದರೆ ಹೊರಡುವ ಮುನ್ನ ಒಂದು ಕ್ಷಣ ನನ್ನ ಮುಖವನ್ನು ನೋಡುವುದನ್ನು ಅದು ಇಂದಿಗೂ ಬಿಟ್ಟಿಲ್ಲ. ಆ ಒಂದು ಕ್ಷಣ ನನ್ನ ತಪ್ಪಿನ ಗುರುತು. ನನ್ನ ಕೈಕೆಳಗೆ ಕಲಿತುಹೋದ ಎಷ್ಟು ಮಕ್ಕಳು ಉತ್ತರಿಸುವ ಮುನ್ನ ಹೀಗೆಯೇ ಮುಖ ನೋಡುತ್ತಿದ್ದರೆಂಬುದು ಆಗ ನೆನಪಾಗುತ್ತದೆ. ಕಲಿಸುವ ಕಾರ್ಯದಲ್ಲಿರುವ ಬಂಧುಗಳು ಪಾಠ ಬಂದಿತೇ ಎಂದು ಕೇಳುವ ಮುನ್ನ, ಕಲಿಯುವವರ ನಡೆಯಲ್ಲಿ ಗೆಲುವು ಉಳಿದಿದೆಯೇ ಎಂದು ಒಮ್ಮೆ ನೋಡಿಕೊಳ್ಳಲಿ.