ಸಮ ಹಿಡಿಯುವ ಬ್ರೇಕು

ಕಬ್ಬಿನ ಹಂಗಾಮು ಹತ್ತಿರ ಬಂತೆಂದರೆ ಉಮರ್ಗಾ, ನಿಲಂಗಾ, ಉದಗೀರದ ಗ್ಯಾರೇಜುಗಳಲ್ಲಿ ಟ್ರ್ಯಾಕ್ಟರುಗಳ ಸರದಿ. ಖಂಡೇಪೂಜೆಗೆ ಗಾಲಿಯಡಿ ನಿಂಬೆಹಣ್ಣು ಇಡಲು ಯಾರೂ ಮರೆಯುವುದಿಲ್ಲ, ಬ್ರೇಕಿನ ಮಾತಿಗೆ ಬಂದರೆ ಎಲ್ಲರದೂ ಒಂದೇ ಬೇಡಿಕೆ: “ಮಿಸ್ತ್ರಿ, ಒಂಚೂರು ಟೈಟ್ ಮಾಡಿ ಕೊಡ್ರಿ.” ಬಿಗಿಯಾದಷ್ಟೂ ಕ್ಷೇಮ ಎಂಬುದು ನಮ್ಮೆಲ್ಲರ ನಂಬಿಕೆ. ಟ್ರ್ಯಾಕ್ಟರಿನ ಮಟ್ಟಿಗೆ ಅದು ಅರ್ಧ ಮಾತ್ರ ನಿಜ.

ನಮ್ಮ ಹೆಚ್ಚಿನ ಟ್ರ್ಯಾಕ್ಟರುಗಳಿಗೆ ಮುಂದಿನ ಗಾಲಿಯಲ್ಲಿ ಬ್ರೇಕಿಲ್ಲ. ಹಿಂದಿನ ಎರಡು ದೊಡ್ಡ ಗಾಲಿಗಳಿಗೆ ಒಂದೊಂದರಂತೆ ಎರಡು ಪೆಡಲು, ಎರಡೂ ಬಲಗಾಲಿನ ಕಡೆಗೆ. ಸಾಲು ಮುಗಿದು ಬದುವಿಗೆ ಬಂದಾಗ ಡ್ರೈವರ್ ಎಡ ಪೆಡಲನ್ನಷ್ಟೇ ಒತ್ತುತ್ತಾನೆ. ಎಡಗಾಲಿ ನಿಲ್ಲುತ್ತದೆ, ಬಲಗಾಲಿ ಸುತ್ತುತ್ತದೆ, ಟ್ರ್ಯಾಕ್ಟರು ಇದ್ದಲ್ಲೇ ಹೊರಳುತ್ತದೆ. ಹೊಲದಲ್ಲಿ ಬ್ರೇಕು ಇರುವುದು ನಿಲ್ಲಲಿಕ್ಕಲ್ಲ, ಹೊರಳಲಿಕ್ಕೆ. ರಸ್ತೆಗೆ ಏರುವ ಮೊದಲು ಎರಡೂ ಪೆಡಲುಗಳನ್ನು ಕೊಂಡಿ ಹಾಕಿ ಜೋಡಿಸಬೇಕು. ದಿನಕ್ಕೆ ಎಷ್ಟೋ ಸಲ ಹೊಲಕ್ಕಿಳಿದು ರಸ್ತೆಗೇರುವವನಿಗೆ ಆ ಕೊಂಡಿ ನೆನಪಿದ್ದರೆ ಪುಣ್ಯ.

ಕೊಂಡಿ ಹಾಕಿದರೂ ಮುಗಿಯಲಿಲ್ಲ. ಒಂದೇ ಬದಿಗೆ ಹೊರಳಿಸುವ ರೂಢಿ ಇದ್ದರೆ ಆ ಬದಿಯ ಬ್ರೇಕು ಬೇಗ ಸವೆಯುತ್ತದೆ. ಮಣ್ಣಿನಲ್ಲಿ, ನಿಧಾನ ಗತಿಯಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ. ಡಾಂಬರಿನ ಮೇಲೆ ಜೋರಾಗಿ ಒತ್ತಿದಾಗ ಒಂದು ಗಾಲಿ ಹಿಡಿದು ಇನ್ನೊಂದು ಉರುಳುತ್ತಲೇ ಇದ್ದು, ಇಡೀ ಬಂಡಿ ಹಿಡಿದ ಕಡೆಗೆ ಎಳೆಯುತ್ತದೆ. ಆಗ ಗಟ್ಟಿ ಇರುವುದನ್ನೇ ಇನ್ನಷ್ಟು ಬಿಗಿ ಮಾಡಿದರೆ ಅಪಾಯವನ್ನು ನಾವೇ ಕರೆದಂತೆ. ಬಲ್ಲ ಮಿಸ್ತ್ರಿ ಬಯಲಿಗೆ ಒಯ್ದು, ಸ್ವಲ್ಪ ಓಡಿಸಿ, ಎರಡೂ ಪೆಡಲು ಕೂಡಿಸಿ ಒತ್ತಿ, ಇಳಿದು ನೆಲ ನೋಡುತ್ತಾನೆ. ಎರಡು ಗಾಲಿಯ ಗೀರು ಸಮ ಇಲ್ಲವೆಂದರೆ ಮತ್ತೆ ನಟ್ಟು ತಿರುಗಿಸುತ್ತಾನೆ. ಬಿಲ್ಲಿನಲ್ಲಿ ಇದಕ್ಕೆ ಬೇರೆ ಸಾಲು ಇರುವುದಿಲ್ಲ. ನನಗಂತೂ ಇಡೀ ಸರ್ವಿಸಿಂಗಿನಲ್ಲಿ ದುಡ್ಡು ಕೊಡಬೇಕಾದದ್ದು ಈ ಕೆಲಸಕ್ಕೇ ಅನಿಸುತ್ತದೆ.

ಆದರೆ ಮಿಸ್ತ್ರಿಯ ಕೈಗೆ ಸಿಗದ್ದು ಹಿಂದೆ ಜೋತುಬಿದ್ದಿರುತ್ತದೆ. ಟ್ರ್ಯಾಕ್ಟರಿನ ತೂಕ ಎರಡು, ಎರಡೂವರೆ ಟನ್. ಜೋಡಿ ಟ್ರಾಲಿಯ ಕಬ್ಬು ಅದರ ಹಲವು ಪಟ್ಟು. ಬಹುತೇಕ ಟ್ರಾಲಿಗಳಿಗೆ ಬ್ರೇಕೇ ಇಲ್ಲ. ತೇರಣಾ, ಮಾಂಜ್ರಾ ನದಿಗಳ ದಂಡೆಗೆ ಇಳಿಯುವ ರಸ್ತೆಯಲ್ಲಿ ಆ ಭಾರವೆಲ್ಲ ಹಿಂದಿನಿಂದ ನೂಕುತ್ತದೆ, ತಡೆಯಬೇಕಾದದ್ದು ಅವೇ ಎರಡು ಗಾಲಿ. ವೇಗ ಎರಡು ಪಟ್ಟಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟು.

ಹೀಗೆ ಹಿಂದಿನಿಂದ ನೂಕುವ ಭಾರಕ್ಕೆ 1872ರಲ್ಲೇ ಅಮೆರಿಕದ ಸಂಶೋಧಕ ಜಾರ್ಜ್ ವೆಸ್ಟಿಂಗ್‌ಹೌಸ್ ರೈಲಿಗಾಗಿ ಬ್ರೇಕನ್ನು ತಿರುವುಮುರುವಾಗಿ ಯೋಚಿಸಿದ್ದ: ಕೊಳವೆಯಲ್ಲಿ ಗಾಳಿಯ ಒತ್ತಡ ಇರುವವರೆಗೆ ಬ್ರೇಕು ಬಿಟ್ಟಿರಬೇಕು, ಕೊಳವೆ ಹರಿದರೆ, ಡಬ್ಬಿ ಕಳಚಿದರೆ, ತಾನಾಗಿಯೇ ಹಿಡಿಯಬೇಕು. ಉಮರ್ಗಾ ಹಾದು ಹೋಗುವ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಏರ್ ಬ್ರೇಕ್ ಲಾರಿಗಳಲ್ಲೂ ಇದೇ ವಿವೇಕವಿದೆ: ಗಾಳಿ ಸೋರಿಹೋದರೆ ಸ್ಪ್ರಿಂಗು ಗಾಲಿಯನ್ನು ಹಿಡಿಯುತ್ತದೆ. ಅದೇ ಹೆದ್ದಾರಿಯಲ್ಲಿ ಪಕ್ಕಕ್ಕೇ ಸಾಗುವ ಟ್ರಾಲಿ ನಂಬಿರುವುದು ಒಂದು ಕಬ್ಬಿಣದ ಪಿನ್ನನ್ನು.

ಅಪಘಾತವಾದರೆ ಊರು ಡ್ರೈವರನ ಹೆಸರು ಹೇಳುತ್ತದೆ, ಇಲ್ಲವೇ ಗ್ಯಾರೇಜಿನದು. ಸಾಗಾಣಿಕೆಯ ಹಣ ಬರುವುದು ಟನ್ನಿಗೆ, ದೂರಕ್ಕೆ. ಹೇರಿದ್ದಕ್ಕೆ ಲೆಕ್ಕವಿದೆ, ನಿಲ್ಲಿಸಿದ್ದಕ್ಕೆ ಇಲ್ಲ. ಹಾಗಾಗಿ ಟ್ರಾಲಿಗೆ ಬ್ರೇಕು ಕೂಡಿಸುವ ಖರ್ಚನ್ನು ಮಾಲಕ ಒಬ್ಬನೇ ಹೊರಲಿ ಎಂದು ಕಾಯುವುದಕ್ಕಿಂತ, ತೂಕದ ಕಾಟಾ ಇಟ್ಟುಕೊಂಡ ಸಕ್ಕರೆ ಕಾರ್ಖಾನೆಯೇ ತನ್ನ ಗೇಟಿನಲ್ಲಿ ಬ್ರೇಕು ಇದೆಯೇ ಎಂದು ಕೇಳಬೇಕು.