ಹೆಸರಿಗಾಗಿ ಒಂದು ಜೀವ

ಮೊದಲ ಮಳೆ ಬಿದ್ದ ರಾತ್ರಿ ಚೆಂಬೂರಿನ ನಮ್ಮ ಮನೆಯ ಟ್ಯೂಬ್‌ಲೈಟಿಗೆ ಒಂದು ಜೀರುಂಡೆ ಬಂದು ಬಡಿದು ಕೆಳಗೆ ಬಿತ್ತು. ಮಗಳು ಅದನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ತಂದು, "ಅಪ್ಪಾ, ಇದರ ಹೆಸರೇನು?" ಎಂದಳು. ಪ್ರಾಣಿಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದ ಅಪ್ಪನಿಗೆ ಗೊತ್ತಿರಲಿಲ್ಲ. "ಯಾರೂ ಕಾಣದ ಹೊಸ ಹುಳುವಾಗಿದ್ದರೆ ನಾವೇ ಹೆಸರಿಡಬಹುದಲ್ಲವೇ?" ಎಂದು ಅವಳ ಉತ್ಸಾಹ. "ಇಡಬಹುದು, ಆದರೆ ಮೊದಲು ಅದನ್ನು ಕೊಲ್ಲಬೇಕಾಗುತ್ತದೆ" ಎಂದೆ. ಅವಳು ಪೊಟ್ಟಣವನ್ನು ಎದೆಗವಚಿಕೊಂಡು, "ಹೆಸರಿಡೋದಕ್ಕೆ ಯಾಕೆ ಕೊಲ್ಲಬೇಕು?" ಎಂದಳು. ಆ ರಾತ್ರಿ ನಾನು ಕೊಟ್ಟ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ. ಆದ್ದರಿಂದ ಈ ಬರಹ.

ಮೊದಲು 'ಹೊಸದು' ಎಂಬ ಮಾತನ್ನು ನೋಡೋಣ. ಹುಳು ಹೊಸದಲ್ಲ, ಮನುಷ್ಯ ಊರು ಕಟ್ಟುವ ಮೊದಲೇ ಅದರ ವಂಶ ಈ ಮಣ್ಣಿನಲ್ಲಿತ್ತು. ಹೊಸದು ನಮ್ಮ ತಿಳುವಳಿಕೆ ಮಾತ್ರ. ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಪ್ರಕಟಿಸಿದ ಗ್ರಂಥದಿಂದ ಪ್ರಾಣಿಗಳ ಎರಡು ಪದಗಳ ಹೆಸರಿನ ಲೆಕ್ಕ ಆರಂಭವಾಗುತ್ತದೆ. ಅಂದಿನಿಂದ ಹೆಸರು ಪಡೆದ ಜೀರುಂಡೆ ಜಾತಿಗಳೇ ಸುಮಾರು 4 ಲಕ್ಷ. ಇಷ್ಟೆಲ್ಲ ಹೆಸರು ಏಕೆ ಬೇಕು ಎನ್ನುವವರು ನಮ್ಮ ಕನ್ನಡವನ್ನೇ ನೋಡಬಹುದು. ಪಠ್ಯಪುಸ್ತಕದ ಜೀರುಂಡೆ ಗಟ್ಟಿ ಮೇಲ್ರೆಕ್ಕೆಯ ಹುಳು. ಮಲೆನಾಡಿನ ಹಲವರಿಗೆ ಜೀರುಂಡೆಯೆಂದರೆ ಮರದಲ್ಲಿ ಕುಳಿತು ಕಿವಿ ತೂತಾಗುವಂತೆ ಕೂಗುವ ಬೇರೆಯೇ ಕೀಟ. ಒಂದು ಹೆಸರಿಗೆ ಎರಡು ಜೀವವಾದರೆ ಒಂದರ ವಿಷಯ ಇನ್ನೊಂದರ ಖಾತೆಗೆ ಸೇರುತ್ತದೆ.

ಇರಲಿ, ಕೊಲ್ಲುವುದೇಕೆ? ಫೋಟೋ ಸಾಲದೇ? ಜೀರುಂಡೆಗಳಲ್ಲಿ ಬಹುಮಟ್ಟಿಗೆ ಸಾಲದು. ಹೊರಗಿನಿಂದ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವ ಎರಡು ಜಾತಿಗಳನ್ನು ಎಷ್ಟೋ ಸಲ ಗಂಡಿನ ಜನನೇಂದ್ರಿಯವನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಬೇರ್ಪಡಿಸಬೇಕು. ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ: ಬರೆದ ವರ್ಣನೆ ನಕಲು ಪ್ರತಿ, ಹುಳು ಮೂಲ ದಸ್ತಾವೇಜು. ನಾಳೆ ತಕರಾರು ಬಂದರೆ ಮೂಲವನ್ನೇ ತೆಗೆದು ನೋಡಬೇಕು. 1999ರ ನಂತರ ಹೊಸ ಜಾತಿಯನ್ನು ಪ್ರಕಟಿಸುವವರು ಆಧಾರದ ಮಾದರಿಯನ್ನು ಸ್ಪಷ್ಟವಾಗಿ ಗುರುತಿಸಿ, ಅದು ಯಾವ ಸಂಗ್ರಹದಲ್ಲಿ ಇರುತ್ತದೆಂದು ತಿಳಿಸಬೇಕೆಂದು ಅಂತರರಾಷ್ಟ್ರೀಯ ನಿಯಮಾವಳಿ ವಿಧಿಸುತ್ತದೆ.

ಇಷ್ಟು ಹೇಳಿದರೆ ವಿಜ್ಞಾನದ ಉತ್ತರ ಮುಗಿಯಿತು, ಧರ್ಮದ ಪ್ರಶ್ನೆ ಮುಗಿಯಲಿಲ್ಲ. ನಾನು ಒಂದು ಹಳೆಯ ತಪ್ಪನ್ನು ಒಪ್ಪಿಕೊಳ್ಳಬೇಕು. ಬಿ.ಎಸ್ಸಿ. ಓದುವಾಗ ಪ್ರತಿಯೊಬ್ಬರೂ ಮೂವತ್ತು ಕೀಟಗಳ ಪೆಟ್ಟಿಗೆ ಒಪ್ಪಿಸಬೇಕಿತ್ತು. ಗಾಜಿನ ಶೀಶೆಯಲ್ಲಿ ಔಷಧಿಯ ಹತ್ತಿಯಿಟ್ಟು ಮೂವತ್ತನ್ನೂ ಕೊಂದು, ಸೂಜಿ ಚುಚ್ಚಿ, ಸಾಲಾಗಿ ನಿಲ್ಲಿಸಿದೆ. ಎಲ್ಲಿ ಸಿಕ್ಕಿತು, ಯಾವ ದಿನ ಸಿಕ್ಕಿತು ಎಂಬ ಚೀಟಿ ಒಂದಕ್ಕೂ ಇರಲಿಲ್ಲ. ಅಂಕ ಬಂತು, ಪೆಟ್ಟಿಗೆಗೆ ಇರುವೆ ಹಿಡಿಯಿತು, ಕಸಕ್ಕೆ ಹೋಯಿತು. ಆ ಮೂವತ್ತು ಜೀವಗಳಿಂದ ಜಗತ್ತಿಗೆ ಒಂದಕ್ಷರದ ತಿಳುವಳಿಕೆಯೂ ಹೆಚ್ಚಲಿಲ್ಲ.

ಜೈನರ ತತ್ವಾರ್ಥಸೂತ್ರ ದುಂಬಿಯನ್ನು ನಾಲ್ಕು ಇಂದ್ರಿಯಗಳ ಜೀವಿಗಳಲ್ಲಿ ಎಣಿಸುತ್ತದೆ. ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣ ಹೋಗುವುದರ ಜೊತೆಗೆ ಪ್ರಮಾದವನ್ನೂ, ಅಂದರೆ ಎಚ್ಚರಗೇಡಿತನವನ್ನೂ ಸೇರಿಸುತ್ತದೆ. ತಿಳಿದು ಒಂದು ಹುಳುವನ್ನು ಕೊಲ್ಲಲು ಜೈನ ಮುನಿ ಎಂದೂ ಒಪ್ಪಲಾರರು; ಆ ಮಾತನ್ನು ನನ್ನ ಅನುಕೂಲಕ್ಕೆ ತಿರುಗಿಸಲಾರೆ. ಆದರೆ ನನ್ನ ಪೆಟ್ಟಿಗೆಯನ್ನು ಅಳೆಯಲು ಅದಕ್ಕಿಂತ ಸರಿಯಾದ ಮಾನದಂಡ ನನಗೆ ಸಿಕ್ಕಿಲ್ಲ. ನನ್ನದು ಶುದ್ಧ ಪ್ರಮಾದ.

ಇದಕ್ಕೆ ಎದುರಾಗಿ ಟಿ. ಆರ್. ಬೆಲ್ ಅವರನ್ನು ನೆನೆಯುತ್ತೇನೆ. ಐರ್ಲೆಂಡಿನಲ್ಲಿ ಹುಟ್ಟಿ, ಮುಂಬಯಿ ಪ್ರಾಂತದ ಅರಣ್ಯಾಧಿಕಾರಿಯಾಗಿ ಉತ್ತರ ಕನ್ನಡದ ಕಾಡು ಸುತ್ತಿ, ನಿವೃತ್ತಿಯ ಬಳಿಕವೂ ಕಾರವಾರದಲ್ಲೇ ನಿಂತು 1948ರಲ್ಲಿ ಅಲ್ಲೇ ತೀರಿಕೊಂಡವರು. 1956ರವರೆಗೆ ಆ ಜಿಲ್ಲೆ ಮುಂಬಯಿಗೇ ಸೇರಿತ್ತೆಂಬುದು ವಾಚಕರಿಗೆ ತಿಳಿದದ್ದೇ. ಬೆಲ್ ಅಸಂಖ್ಯ ಕೀಟಗಳನ್ನು ಕೊಂದರು, ಸತ್ಯ. ಆದರೆ ಮರಿಹುಳುಗಳನ್ನು ಸಾಕಿದರು, ಅವು ತಿನ್ನುವ ಎಲೆಯನ್ನು ಗುರುತಿಸಿದರು, ಕಂಡದ್ದನ್ನು ಬರೆದು 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಗೆ ಕೊಟ್ಟರು. ಆ ಕಾಡಿನಲ್ಲಿ ಏನಿತ್ತೆಂದು ಇಂದು ಕೇಳುವವರಿಗೆ ಅವರ ಬರಹ ಉತ್ತರ ಕೊಡುತ್ತದೆ. ನನ್ನ ಪೆಟ್ಟಿಗೆ ಕೊಡುವುದಿಲ್ಲ.

ಹೆಸರಿಡುವಾಗಲೂ ಹೊಣೆಯಿದೆ. ಸ್ಲೊವೇನಿಯಾದ ಗುಹೆಗಳಲ್ಲಿ ಕಣ್ಣಿಲ್ಲದ ಒಂದು ಕಂದು ಜೀರುಂಡೆಯಿದೆ. 1937ರಲ್ಲಿ ಅದನ್ನು ವರ್ಣಿಸಿದವರು ಅದಕ್ಕೆ ಹಿಟ್ಲರನ ಹೆಸರಿಟ್ಟರು: ಅನಾಫ್ತಾಲ್ಮಸ್ ಹಿಟ್ಲೆರಿ. ನಿಯಮದಂತೆ ಇಟ್ಟ ಹೆಸರು ಅಸಹ್ಯವೆನಿಸಿದ ಮಾತ್ರಕ್ಕೆ ಅಳಿಯುವುದಿಲ್ಲ. ಆ ಹೆಸರಿನ ಮೋಹಕ್ಕೇ ಸಂಗ್ರಹಕಾರರು ಅದನ್ನು ಹುಡುಕಿ ಹಿಡಿಯುತ್ತಾರೆ. ಯಾರದೋ ಹೊಗಳಿಕೆಯ ಸಾಲವನ್ನು ಕುರುಡು ಹುಳು ತೀರಿಸುತ್ತಿದೆ.

ಒಂದು ಗುಡ್ಡ ಕಡಿದರೆ ಸಾಯುವ ಹುಳುಗಳ ಮುಂದೆ ವಿಜ್ಞಾನಿಯ ಸೂಜಿಗೆ ಬಲಿಯಾದವು ಎಷ್ಟು ಎಂದು ಕೆಲವರು ವಾದಿಸುವರು. ಲೆಕ್ಕ ಸರಿ, ನೀತಿ ಸರಿಯಲ್ಲ. ನೆರೆಯವನ ದೊಡ್ಡ ಸಾಲ ನನ್ನ ಸಣ್ಣ ಸಾಲವನ್ನು ತೀರಿಸದು. ನನಗೆ ತೋರುವುದಿಷ್ಟು: ಹೆಸರಿಗಾಗಿ ಜೀವ ತೆಗೆದವನು ಋಣಿಯಾಗುತ್ತಾನೆ. ಬೇಕಾದಷ್ಟನ್ನೇ ಹಿಡಿದು, ಊರು, ದಿನ ಬರೆದು, ಹೋಲಿಸಿ ನೋಡಿ, ಇತರರು ಪರೀಕ್ಷಿಸುವಲ್ಲಿ ಇಟ್ಟು, ತಪ್ಪಾದರೆ ಒಪ್ಪಿಕೊಂಡರೆ ಆ ಋಣದ ಬಡ್ಡಿಯಾದರೂ ಸಂದೀತು. ಅಸಲು ಉಳಿದೇ ಇರುತ್ತದೆ. ಅಷ್ಟು ಮಾಡುವ ತಾಳ್ಮೆಯಿಲ್ಲದವನು ಹುಳುವನ್ನು ಹಾರಲು ಬಿಡುವುದು ಲೇಸು.

ನಮಗೆ ಆ ವಿದ್ಯೆಯೂ ಇರಲಿಲ್ಲ, ತಾಳ್ಮೆಯೂ ಇರಲಿಲ್ಲ. ಮಗಳು ಕಿಟಕಿಯ ಕಂಬಿಯ ಮೇಲೆ ಪೊಟ್ಟಣ ತೆರೆದಿಟ್ಟಳು. ಹುಳು ಸ್ವಲ್ಪ ಹೊತ್ತು ಮೀಸೆಯಾಡಿಸಿ, ಮೇಲ್ರೆಕ್ಕೆ ಎತ್ತಿ, ಮಳೆ ನಿಂತ ಕತ್ತಲೆಗೆ ಹಾರಿತು. ಖಾಲಿ ಪೊಟ್ಟಣದ ಮೇಲೆ ಅವಳು ತನ್ನ ಮುದ್ದಾದ ಅಕ್ಷರದಲ್ಲಿ 'ಚೆಂಬೂರು' ಎಂದು ಬರೆದು, ಕೆಳಗೆ ಅಂದಿನ ತಾರೀಖು ಹಾಕಿದಳು. ನಾನು ಮೂವತ್ತು ಸಲ ಬರೆಯದೆ ಬಿಟ್ಟ ಚೀಟಿ ಅದು.