ಮದ್ದು ಕೊಡುವವನ ಹೊಣೆ

ಪುತ್ತೂರು, ಸುಳ್ಯ, ಕಡಬ ಸೀಮೆಗಳ ಹಲವು ಮನೆಗಳಲ್ಲಿ ಆಟಿ ತಿಂಗಳ ಅಮಾವಾಸ್ಯೆಯಂದು ಬರಿಹೊಟ್ಟೆಯಲ್ಲಿ ಹಾಲೆಮರದ ಕೆತ್ತೆಯ ರಸವನ್ನು ಕುಡಿಯುವ ಪದ್ಧತಿಯುಂಟು. ಸೂರ್ಯೋದಯಕ್ಕೆ ಮುಂಚೆ ಮನೆಯವನೊಬ್ಬನು ಮರದ ಬಳಿಗೆ ಹೋಗಿ, ಕಬ್ಬಿಣವನ್ನು ತಾಗಿಸದೆ, ಕಲ್ಲಿನಿಂದ ಜಜ್ಜಿ ತೊಗಟೆಯನ್ನು ತರುತ್ತಾನೆ. ಅದನ್ನು ಅರೆದು ರಸ ಹಿಂಡಿ, ಕರಿಮೆಣಸು, ಬೆಳ್ಳುಳ್ಳಿ, ಓಮಗಳನ್ನು ಕೂಡಿಸಿ, ಕಾಯಿಸಿದ ಬಿಳಿಕಲ್ಲನ್ನು ಅದರಲ್ಲಿ ಅದ್ದಿ ಮನೆಮಂದಿಗೆಲ್ಲ ಕೊಡುತ್ತಾರೆ. ಬಳಿಕ ಮೆಂತೆಯ ಗಂಜಿಯ ಊಟ. ಮಳೆಗಾಲದ ರೋಗಗಳು ಇದರಿಂದ ದೂರವಾಗುವುವೆಂಬುದು ಹಿರಿಯರ ನಂಬಿಕೆ.

ಆದರೆ ಅದೇ ಗುಡ್ಡಗಳಲ್ಲಿ ಕಾಸರಕದ ಮರವೂ ಬೆಳೆಯುತ್ತದೆ. ತುಳುವಿನಲ್ಲಿ ಇದು ಕಾಯೆರ್. ಸಂಸ್ಕೃತದಲ್ಲಿ ಕಾರಸ್ಕರ, ವಿಷಮುಷ್ಟಿ. ಮಬ್ಬುಗತ್ತಲೆಯಲ್ಲಿ, ಸುರಿಯುವ ಮಳೆಯಲ್ಲಿ, ಗುರುತರಿಯದವನು ಒಂದರ ತೊಗಟೆಯೆಂದು ಇನ್ನೊಂದರದನ್ನು ತಂದನೆಂದರೆ ಮನೆಗೆ ಮನೆಯೇ ಅಪಾಯಕ್ಕೆ ಸಿಕ್ಕುತ್ತದೆ. ಇಲ್ಲಿ ಒಂದು ಧರ್ಮಪ್ರಶ್ನೆಯು ಹುಟ್ಟುತ್ತದೆ. ಹಿತವಾಗಲೆಂಬ ಶುದ್ಧವಾದ ಮನಸ್ಸಿನಿಂದ ಕೊಟ್ಟ ಮದ್ದು ಕೇಡನ್ನು ಮಾಡಿದರೆ, ಕೊಟ್ಟವನಿಗೆ ದೋಷವುಂಟೆ, ಇಲ್ಲವೆ?

ದೋಷವಿಲ್ಲವೆಂಬುದು ಪೂರ್ವಪಕ್ಷ. ಕರ್ಮದ ಗುಣವು ಸಂಕಲ್ಪದಿಂದ ನಿರ್ಣಯವಾಗುತ್ತದೆ; ಕೊಲ್ಲಬೇಕೆಂದು ಕೊಟ್ಟವನೂ ಬದುಕಲೆಂದು ಕೊಟ್ಟವನೂ ಸಮಾನರಾಗುವುದೆಂತು? ಈ ಮಾತು ಒಂದು ಮಿತಿಯವರೆಗೆ ಸತ್ಯವೇ ಸರಿ. ಆದರೆ ಸಂಕಲ್ಪಕ್ಕೆ ಬೆಲೆಯಿರುವುದು ಮನುಷ್ಯರ ನ್ಯಾಯಸ್ಥಾನದಲ್ಲಿ. ಶರೀರದೊಳಗೆ ಮದ್ದು ನಡೆಯುವ ದಾರಿಯಲ್ಲಿ ಅದನ್ನು ಕೇಳುವವರಾರೂ ಇಲ್ಲ. ಆ ದಾರಿಯನ್ನು ಸ್ವಲ್ಪ ನೋಡಬೇಕು.

ನುಂಗಿದ ದ್ರವ್ಯವು ಮೊದಲು ಕರುಳಿನಿಂದ ಹೀರಲ್ಪಡುತ್ತದೆ. ಅಲ್ಲಿಂದ ನೆತ್ತರಿನೊಡನೆ ಯಕೃತ್ತಿಗೆ ಹೋಗಿ, ಅದರಲ್ಲೊಂದಂಶವು ಅಲ್ಲಿಯೇ ಮಾರ್ಪಡುತ್ತದೆ. ಉಳಿದುದು ಅಂಗಾಂಗಗಳಿಗೆ ಹಂಚಿಹೋಗುತ್ತದೆ. ಕಡೆಗೆ ಬಹುಮಟ್ಟಿಗೆ ಮೂತ್ರಪಿಂಡಗಳ ಮೂಲಕ ಹೊರಬೀಳುತ್ತದೆ. ನೆತ್ತರಿನಲ್ಲಿರುವ ಪ್ರಮಾಣವು ಅರ್ಧಕ್ಕೆ ಇಳಿಯಲು ಬೇಕಾಗುವ ಕಾಲವನ್ನು ಅರ್ಧಾಯುಷ್ಯವೆನ್ನುತ್ತಾರೆ. ಜೀವಕೋಶಗಳಲ್ಲಿ ಗ್ರಾಹಕಗಳೆಂಬ ಸೂಕ್ಷ್ಮವಾದ ಪೀಠಗಳಿವೆ. ಶರೀರದ ಸ್ವಂತ ದೂತದ್ರವ್ಯಗಳು ಅಲ್ಲಿ ಕುಳಿತು ಅಪ್ಪಣೆಯನ್ನು ನಡೆಯಿಸುವುವು. ಹೊರಗಿನ ಕೆಲವು ಮದ್ದುಗಳು ಆ ಪೀಠವನ್ನೇರಿ ದೂತನಂತೆಯೇ ಅಪ್ಪಣೆ ಕೊಡುತ್ತವೆ. ಇನ್ನು ಕೆಲವು ತಾವು ಏನನ್ನೂ ಹೇಳದೆ, ಪೀಠವನ್ನು ಆಕ್ರಮಿಸಿ ದೂತನನ್ನು ಹೊರಗೆ ನಿಲ್ಲಿಸುತ್ತವೆ.

ಕಾಸರಕದಲ್ಲಿರುವ ಸ್ಟ್ರಿಕ್ನೀನ್ ಈ ಎರಡನೆಯ ಜಾತಿಯದು. ಬೆನ್ನುಹುರಿಯಲ್ಲಿ ಗ್ಲೈಸೀನ್ ಎಂಬ ದೂತದ್ರವ್ಯವು ನರಗಳ ಉದ್ರೇಕವನ್ನು ತಡೆದು ಹಿಡಿದಿರುತ್ತದೆ. ಸ್ಟ್ರಿಕ್ನೀನ್ ಅದರ ಪೀಠವನ್ನು ಕಸಿದುಕೊಂಡೊಡನೆ ಕಡಿವಾಣ ಕಳಚಿದಂತಾಗಿ, ಸಣ್ಣದೊಂದು ಸದ್ದಿಗೂ ಮೈಯೆಲ್ಲ ಬಿಲ್ಲಿನಂತೆ ಸೆಟೆದುಕೊಳ್ಳುತ್ತದೆ. ಪ್ರಜ್ಞೆಯು ಮಾತ್ರ ತಿಳಿಯಾಗಿಯೇ ಇರುತ್ತದೆ. ಉಸಿರಾಟದ ಸ್ನಾಯುಗಳೂ ಬಿಗಿದು ಮರಣವುಂಟಾಗುತ್ತದೆ. ವಯಸ್ಕನಿಗೆ ಸಾಮಾನ್ಯವಾಗಿ 50ರಿಂದ 100 ಮಿಲಿಗ್ರಾಂ ಸಾಕು. ಕೆಲವೊಮ್ಮೆ ಅದಕ್ಕಿಂತ ಕಡಿಮೆಯೂ ಸಾಕಾದುದುಂಟು. ಕೊಟ್ಟ ಕೈ ತಾಯಿಯದೋ ಹಗೆಯದೋ ಎಂಬ ಭೇದವು ಆ ಪೀಠಕ್ಕೆ ತಿಳಿಯದು.

ಹಾಗಾದರೆ ಕಾಸರಕವೇ ದುಷ್ಟವೆನ್ನೋಣವೆ? ಅದೂ ಸಲ್ಲದು. ಕ್ರಮವರಿತು ಉಪಯೋಗಿಸಿದರೆ ತೀಕ್ಷ್ಣವಾದ ವಿಷವೂ ಉತ್ತಮವಾದ ಔಷಧವಾಗುವುದೆಂದೂ, ಕ್ರಮಗೆಟ್ಟರೆ ಔಷಧವೇ ವಿಷವಾಗುವುದೆಂದೂ ಚರಕಸಂಹಿತೆಯು ಹೇಳುತ್ತದೆ. ಶೋಧನೆ ಮಾಡಿದ ಕಾಸರಕದ ಬೀಜವು ಆಯುರ್ವೇದದಲ್ಲಿ ಮದ್ದೇ ಆಗಿದೆ. ಫ್ರಾನ್ಸಿನ ಪೆಲೆಟಿಯೆ, ಕಾವಂತು ಎಂಬ ವಿದ್ವಾಂಸರು 1818ರಲ್ಲಿ ಸ್ಟ್ರಿಕ್ನೀನನ್ನು ಬೇರ್ಪಡಿಸಿದರು. ಅವರೇ 1820ರಲ್ಲಿ ಮಲೇರಿಯದ ಮದ್ದಾದ ಕ್ವಿನೈನನ್ನೂ ಬೇರ್ಪಡಿಸಿದರು. ಹಾಲೆಯ ತೊಗಟೆಯು ಕ್ವಿನೈನಿಗೆ ಸಾಟಿಯೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಹಲವರು ನಂಬಿದ್ದರು. ಆದರೆ ಅದು ಸಿದ್ಧಪಡಲಿಲ್ಲ. ಆದುದರಿಂದ ಗುಣವೂ ದೋಷವೂ ದ್ರವ್ಯವೊಂದರಲ್ಲಿಯೇ ಇಲ್ಲ; ಪ್ರಮಾಣದಲ್ಲಿ, ಕುಡಿಯುವವನ ವಯಸ್ಸು ದೇಹಸ್ಥಿತಿಗಳಲ್ಲಿ, ಎಲ್ಲಕ್ಕೂ ಮಿಗಿಲಾಗಿ ಕೊಡುವವನ ತಿಳಿವಳಿಕೆಯಲ್ಲಿವೆ.

ಅಂಗಡಿಯ ಮಾತ್ರೆಗೂ ಇದೇ ನ್ಯಾಯ. ಪ್ಯಾರಾಸಿಟಮಾಲ್ ಇಂದು ಮನೆಮನೆಯಲ್ಲಿಯೂ ಇರುವ ಜ್ವರದ ಮದ್ದು. ಅದರ ಅರ್ಧಾಯುಷ್ಯವು ಎರಡು ಮೂರು ಗಂಟೆಗಳಷ್ಟೆ. ಮಿತಿಯೊಳಗಿದ್ದರೆ, ಯಕೃತ್ತಿನಲ್ಲಿ ಅದರಿಂದ ಹುಟ್ಟುವ ಅಲ್ಪವಾದ ವಿಷವಸ್ತುವನ್ನು ಯಕೃತ್ತೇ ಶಮನಗೊಳಿಸುತ್ತದೆ. ಮಿತಿ ಮೀರಿದರೆ ಆ ಶಕ್ತಿಯು ಬರಿದಾಗಿ ಯಕೃತ್ತು ಕೆಡುತ್ತದೆ. ಆರೋಗ್ಯವಂತನಾದ ವಯಸ್ಕನಿಗೂ ದಿನಕ್ಕೆ 4 ಗ್ರಾಂ ಪರಮಾವಧಿ. ಇದೇ ದ್ರವ್ಯವು ನೆಗಡಿಯ ಮಾತ್ರೆಯೊಳಗೆ ಬೇರೆ ಹೆಸರಿನಿಂದ ಅಡಗಿರಬಹುದು. ಎರಡನ್ನೂ ನುಂಗಿಸುವ ಮನೆಯೊಡತಿಯ ವಾತ್ಸಲ್ಯದಲ್ಲಿ ಕೊರತೆಯಿಲ್ಲ. ಚೀಟಿಯನ್ನು ಓದದಿದ್ದುದು ಕೊರತೆ.

ಹಾಗೆಂದು ಕೇಡಾದಲ್ಲೆಲ್ಲ ಕೊಟ್ಟವನೇ ಪಾತಕಿಯೆನ್ನುವುದು ಇನ್ನೊಂದು ಅತಿರೇಕ. ಅಂಥ ಮಾತಿಗೆ ಹೆದರಿ ಎಲ್ಲರೂ ಕೈಕಟ್ಟಿ ಕುಳಿತರೆ ರೋಗಿಯ ಗತಿಯೇನು? ಸಮಾಧಾನವೇನೆಂದರೆ, ಅಜ್ಞಾನದಲ್ಲಿ ಎರಡು ಬಗೆಯುಂಟು. ಎಷ್ಟು ವಿಚಾರಿಸಿದರೂ ತಿಳಿಯಲಾಗದುದು ಒಂದು. ವಿಚಾರಿಸಿದ್ದರೆ ತಿಳಿಯಬಹುದಾಗಿದ್ದುದು ಇನ್ನೊಂದು. ಮೊದಲನೆಯದಕ್ಕೆ ದುಃಖವುಂಟು, ದೋಷವಿಲ್ಲ. ಎರಡನೆಯದಕ್ಕೆ ದೋಷವುಂಟು; ಆ ದೋಷವು ಕೊಟ್ಟ ಗಳಿಗೆಯಲ್ಲಿ ಅಲ್ಲ, ಅದಕ್ಕೆ ಮುಂಚೆ ವಿಚಾರಿಸದೆ ಬಿಟ್ಟ ಗಳಿಗೆಯಲ್ಲಿ ಹುಟ್ಟಿತು. ಇಂಗ್ಲೆಂಡಿನ ವೈದ್ಯನಾದ ವಿಲಿಯಂ ವಿದರಿಂಗನು ಡಿಜಿಟಾಲಿಸ್ ಗಿಡದ ಎಲೆಯನ್ನು ಜಲೋದರ ಮೊದಲಾದ ಬಾವುಗಳಿಗೆ ಕೊಟ್ಟು, 1785ರಲ್ಲಿ ಗ್ರಂಥ ಬರೆದಾಗ, ಗುಣವಾದವರ ವೃತ್ತಾಂತದೊಡನೆ ಗುಣವಾಗದವರದನ್ನೂ ಬರೆದಿಟ್ಟನು. ತನ್ನ ತಿಳಿವಳಿಕೆಯ ಎಲ್ಲೆಯನ್ನು ಇತರರಿಗೆ ತೋರಿಸುವುದೂ ಮದ್ದು ಕೊಡುವವನ ಧರ್ಮದೊಂದು ಭಾಗವೇ.

ಈ ಧರ್ಮವು ನಮ್ಮ ಹಳ್ಳಿಗಳಿಗೆ ಹೊಸತಲ್ಲ. ಅಮಾವಾಸ್ಯೆಯ ಹಿಂದಿನ ದಿನವೇ ಬೆಳಕಿರುವಾಗ ಹೋಗಿ ಹಾಲೆಮರವನ್ನು ಗುರುತಿಸಿ ನೂಲು ಕಟ್ಟಿ ಬರುವ ವಾಡಿಕೆಯು ಕೆಲವೆಡೆ ಉಂಟು. ಹಾಲೆಯ ತೊಗಟೆಯನ್ನು ಗಾಯಗೊಳಿಸಿದರೆ ಬಿಳಿಯ ಹಾಲು ಒಸರುತ್ತದೆ, ಎಲೆಗಳು ಏಳೆಂಟು ಒಂದೇ ಗೆಣ್ಣಿನ ಸುತ್ತ ಹೊಮ್ಮುತ್ತವೆ. ಸಪ್ತಪರ್ಣವೆಂಬ ಹೆಸರು ಬಂದುದು ಅದರಿಂದಲೇ. ಕಾಸರಕಕ್ಕೆ ಹಾಲಿಲ್ಲ, ಎಲೆಗಳು ಎದುರೆದುರಾಗಿ ಎರಡೆರಡೇ. ಆ ನೂಲನ್ನು ಬರಿಯ ಶಾಸ್ತ್ರವೆಂದು ಬಗೆಯುವವರುಂಟು. ವಸ್ತುತಃ ಆ ದಿನದ ಆಚಾರದಲ್ಲೆಲ್ಲ ಮಿಗಿಲಾದ ಧರ್ಮಕಾರ್ಯವು ಅದೇ. ಏಕೆಂದರೆ ಮನೆಯ ಮಕ್ಕಳ ಪ್ರಾಣವು ಅದರಲ್ಲಿ ಕಟ್ಟಿದೆ.

ಮರವನ್ನು ಅರಿತವರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಕುಡಿಯುವ ಶ್ರದ್ಧೆಯು ಮಾತ್ರ ಉಳಿದಿದೆ. ಅರಿತವರು ಸಿಕ್ಕದ ವರ್ಷ ರಸವನ್ನು ಬಿಟ್ಟು ಮೆಂತೆಯ ಗಂಜಿಯನ್ನಷ್ಟೇ ಉಂಡರೆ ಹಿರಿಯರಿಗೆ ಅಪಚಾರವಾಗದು. ಸಂದೇಹವಿರುವಾಗ ಕೊಡದಿರುವುದೂ ಮದ್ದು ಕೊಡುವವನ ಹೊಣೆಯೊಳಗೆ ಸೇರಿದುದೇ. ಅರಿತವರು ಇನ್ನೂ ಇರುವಾಗಲೇ ಮನೆಯ ಹುಡುಗನೊಬ್ಬನನ್ನು ಹಗಲು ಹೊತ್ತಿನಲ್ಲಿ ಗುಡ್ಡಕ್ಕೆ ಕರೆದೊಯ್ದು ಎರಡೂ ಮರಗಳನ್ನು ಮುಟ್ಟಿಸಿ ತೋರಿಸುವುದು ಪ್ರತಿಯೊಂದು ಗೃಹಸ್ಥನಿಗೂ ಸಾಧ್ಯವಾದ ಕೆಲಸ.